ಕೋವಿಯ ಮೇಲಿನ ಮಸೂರ
(ಮಲೆನಾಡಿನ ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಜಿಂಕೆ ಬೇಟೆಯ ರೈಫಲ್ಲಿಗೆ ಎಂಥ ದುರ್ಬೀನು ಹೊಂದೀತು ಎಂಬ ವಿಷಯವನ್ನು ಕಾಡು ಉಳಿಸಲು ಹೊರಟವರ ಸಭೆಯಲ್ಲಿ ಎತ್ತಿಕೊಳ್ಳುವುದು ವಿಚಿತ್ರವಾಗಿ ಕಾಣಬಹುದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. 1991ರ ತಿದ್ದುಪಡಿಯ ನಂತರ ಪರವಾನಗಿ ಪಡೆದು ಶಿಕಾರಿ ಮಾಡುವ ದಾರಿಯೂ ಮುಚ್ಚಿತು. ಮಲೆನಾಡಿನ ಹಳ್ಳಿಗಳಲ್ಲಿ ಜಿಂಕೆ, ಕಡವೆ, ಕಾಡುಕುರಿಗಳ ಪರವಾಗಿ ದನಿಯೆತ್ತಿದವರೇ ಈ ಸಭೆಯಲ್ಲಿ ಹೆಚ್ಚು. ಆದರೆ ಭೂಮಿಯ ಮೇಲೆ ಇನ್ನೊಂದು ಬೆಟ್ಟಸೀಮೆಯಿದೆ. ಅಲ್ಲಿ ಕಾಡು ಬೇಕೆನ್ನುವವರೇ ಜಿಂಕೆಗಳನ್ನು ಹೊಡೆಯಿರಿ ಎಂದು ಸರ್ಕಾರವನ್ನು ಒತ್ತಾಯಿಸುತ್ತಾರೆ. ಬೇಟೆಯಿಂದ ಬದುಕು ಸಾಗಿಸುವವರು ಇಷ್ಟೊಂದು ಹೊಡೆಯಬೇಡಿ ಎಂದು ಪ್ರತಿಭಟಿಸುತ್ತಾರೆ. ಆ ಸೀಮೆ ಸ್ಕಾಟ್ಲೆಂಡಿನ ಉತ್ತರದ ಎತ್ತರದ ನಾಡು, ಹೈಲ್ಯಾಂಡ್ಸ್.

ಅಲ್ಲಿನ ಬೋಳುಗುಡ್ಡಗಳ ಚಿತ್ರಗಳನ್ನು ಕ್ಯಾಲೆಂಡರುಗಳಲ್ಲಿ ಕಂಡವರು ಅದನ್ನು ಪ್ರಕೃತಿಯ ಸಹಜ ಸೌಂದರ್ಯವೆಂದೇ ಭಾವಿಸುತ್ತಾರೆ. ಅದು ಸಹಜವಲ್ಲ. ಒಂದು ಕಾಲಕ್ಕೆ ಆ ಬೆಟ್ಟಗಳ ಬಹುಭಾಗವನ್ನು ಪೈನ್, ಬರ್ಚ್, ರೋವನ್, ವಿಲ್ಲೋ ಮರಗಳು ಆವರಿಸಿದ್ದವು. ಈಗ ಆ ಹಳೆಯ ಪೈನ್ ಕಾಡಿನ ಉಳಿಕೆಗಳೆಂದು ಅಧಿಕೃತ ಪಟ್ಟಿಯಲ್ಲಿ ಗುರುತಿಸಿರುವುದು 84 ತುಣುಕುಗಳನ್ನು ಮಾತ್ರ. ಮರ ಕಡಿದವರು ಮನುಷ್ಯರೇ. ಆದರೆ ಕಡಿದ ಮೇಲೂ ಮತ್ತೆ ಚಿಗುರಬೇಕಾಗಿದ್ದ ಕಾಡು ಚಿಗುರದಂತೆ ತಡೆದದ್ದು ಮೊದಲು ಕುರಿ, ಆಮೇಲೆ ಜಿಂಕೆ. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಜಮೀನುದಾರರು ಕುರಿಸಾಕಣೆಗಾಗಿ ರೈತ ಕುಟುಂಬಗಳನ್ನು ಒಕ್ಕಲೆಬ್ಬಿಸಿದರು. ಉಣ್ಣೆಯ ಬೆಲೆ ಕುಸಿದಾಗ ಅದೇ ನೆಲವನ್ನು ಶ್ರೀಮಂತರ ಶಿಕಾರಿಗೆ ಮೀಸಲಿಟ್ಟರು. ಇಂಗ್ಲಿಷಿನಲ್ಲಿ ಈ ನೆಲಕ್ಕೆ ‘ಡಿಯರ್ ಫಾರೆಸ್ಟ್’ ಎಂದು ಹೆಸರು. ಹೆಸರಿನಲ್ಲಿ ಅರಣ್ಯವಿದೆ, ನೆಲದಲ್ಲಿ ಮರವಿಲ್ಲ. ನೆಡುತೋಪನ್ನು ಅರಣ್ಯವೆಂದು ಕರೆಯುವುದನ್ನು ಕಂಡ ಮಲೆನಾಡಿಗರಿಗೆ ಈ ವ್ಯಂಗ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಇಂಥ ನೆಲ ಮೂವತ್ತು ಲಕ್ಷ ಎಕರೆಯನ್ನು ಮೀರಿತ್ತು. 1887ರಲ್ಲಿ ಲೂಯಿಸ್ ದ್ವೀಪದ ಪಾರ್ಕ್ ಎಂಬಲ್ಲಿ ಹಸಿದ ರೈತರು ಗುಂಪಾಗಿ ನುಗ್ಗಿ ಜಮೀನುದಾರರ ಜಿಂಕೆಗಳನ್ನು ಹೊಡೆದು ಹಂಚಿಕೊಂಡ ಪ್ರಸಂಗ ಅಲ್ಲಿನ ಭೂಹೋರಾಟದ ಚರಿತ್ರೆಯಲ್ಲಿ ದಾಖಲಾಗಿದೆ.

ತೋಳವೂ ಇಲ್ಲ, ಲಿಂಕ್ಸ್ ಎಂಬ ಕಾಡುಬೆಕ್ಕೂ ಇಲ್ಲ. ಎರಡೂ ಅಲ್ಲಿಂದ ಕಣ್ಮರೆಯಾಗಿ ಶತಮಾನಗಳು ಕಳೆದಿವೆ. ಸ್ಕಾಟ್ಲೆಂಡಿನಲ್ಲಿ ಎಲ್ಲ ಜಾತಿಯ ಜಿಂಕೆಗಳೂ ಸೇರಿ ಇಂದು ಸುಮಾರು ಹತ್ತು ಲಕ್ಷ ಇರಬಹುದೆಂಬುದು ಸರ್ಕಾರದ ಅಂದಾಜು. 1990ರಲ್ಲಿ ಈ ಅಂದಾಜು ಐದು ಲಕ್ಷವಾಗಿತ್ತು. ಇವುಗಳಲ್ಲಿ ಮುಖ್ಯವಾದುದು ಕೆಂಪು ಜಿಂಕೆ. ಚುಕ್ಕೆ ಜಿಂಕೆಗಿಂತ ದೊಡ್ಡದು, ಕಡವೆಗಿಂತ ಚಿಕ್ಕದು. ಚಳಿಗಾಲದಲ್ಲಿ ಹಿಮದ ಮೇಲೆ ತಲೆಯೆತ್ತಿದ ಪ್ರತಿ ಪೈನ್ ಸಸಿಯನ್ನೂ ಅದು ಮೇಯುತ್ತದೆ. ಮುನ್ನೂರು ವರ್ಷದ ಮುದಿಮರಗಳಿದ್ದು, ಅವುಗಳ ಕೆಳಗೆ ಮೊಣಕಾಲೆತ್ತರದ ಒಂದು ಮರಿಯೂ ಇಲ್ಲದ ಕಾಡುಗಳಿವೆ. ಮಕ್ಕಳಿಲ್ಲದ ಊರಿನಂತೆ.

ಹಾಗಾಗಿ ಅಲ್ಲಿ ತೋಳದ ಕೆಲಸವನ್ನು ಮನುಷ್ಯ ವಹಿಸಿಕೊಂಡಿದ್ದಾನೆ. ಆ ಕೆಲಸವನ್ನು ಮಾಡುವ ಸಂಬಳದ ನೌಕರನಿಗೆ ‘ಸ್ಟಾಕರ್’ ಎಂದು ಹೆಸರು. ಆತ ತನ್ನ ರೈಫಲ್ಲಿನ ಮೇಲೆ ಯಾವ ಸ್ಕೋಪ್ ಕೂರಿಸುತ್ತಾನೆ ಎಂಬುದರ ಮೇಲೆ ಒಂದು ಪ್ರಾಣಿಯ ಸಾವು ಅರೆಗಳಿಗೆಯದೋ ಎರಡು ದಿನದ್ದೋ ಎಂಬುದು ನಿರ್ಧಾರವಾಗುತ್ತದೆ. ಇಂದಿನ ಮಾತಿಗೆ ಕಾರಣ ಇದೇ.

ಮೊದಲಿಗೆ ಆತನ ಕೆಲಸದ ಹೊತ್ತನ್ನು ಗಮನಿಸಬೇಕು. ಕೆಂಪು ಜಿಂಕೆಯ ಹೆಣ್ಣುಗಳನ್ನು ಹೊಡೆಯಲು ಅಲ್ಲಿನ ಕಾನೂನು ಅವಕಾಶ ಕೊಡುವುದು ಅಕ್ಟೋಬರ್ 21ರಿಂದ ಫೆಬ್ರವರಿ 15ರವರೆಗೆ. ಜಿಂಕೆಗಳ ಸಂಖ್ಯೆ ಇಳಿಸುವುದಕ್ಕೆ ಹೆಣ್ಣುಗಳ ಲೆಕ್ಕವೇ ಮುಖ್ಯ. ಕೊಂಬಿನ ಗಂಡನ್ನು ಎಷ್ಟು ಹೊಡೆದರೂ ಮರಿಗಳ ಸಂಖ್ಯೆ ಇಳಿಯದು. ಹಣ ಕೊಟ್ಟು ಬರುವ ಅತಿಥಿ ಬೇಟೆಗಾರರಿಗೆ ಬೇಕಾದದ್ದು ಕೊಂಬು, ಬರುವುದು ಬೇಸಿಗೆಯ ಕೊನೆಯಲ್ಲಿ. ಡಿಸೆಂಬರಿನ ಹೊಲಸು ಹವೆಯಲ್ಲಿ ಹೆಣ್ಣುಗಳ ಲೆಕ್ಕ ಮುಗಿಸುವ ಹೊಣೆ ಸ್ಟಾಕರನದು. ಆಗ ಅಲ್ಲಿ ಬೆಳಿಗ್ಗೆ ಸುಮಾರು ಒಂಬತ್ತಕ್ಕೆ ಸೂರ್ಯೋದಯ, ಮಧ್ಯಾಹ್ನ ಮೂರೂವರೆಗೆ ಸೂರ್ಯಾಸ್ತ. ಉಳಿದ ಹೊತ್ತೆಲ್ಲ ಮಬ್ಬು, ಮಳೆ, ಮಂಜು, ಅಡ್ಡಗಾಳಿ. ಆಷಾಢದ ಆಗುಂಬೆಯ ಸಂಜೆಯನ್ನು ಕಂಡವರು ಆ ಬೆಳಕನ್ನು ಊಹಿಸಿಕೊಳ್ಳಬಹುದು, ಚಳಿಯೊಂದನ್ನು ಬಿಟ್ಟು.

ಇಂಥ ಬೆಳಕಿನಲ್ಲಿ ಸ್ಕೋಪ್ ಮಾಡಬೇಕಾದ ಮೊದಲ ಕೆಲಸ ದೊಡ್ಡದು ಮಾಡಿ ತೋರಿಸುವುದಲ್ಲ, ಬೆಳಕನ್ನು ಕಣ್ಣಿಗೆ ಮುಟ್ಟಿಸುವುದು. ಈ ಒಂದು ಸಂಗತಿ ಅರ್ಥವಾದರೆ ಉಳಿದದ್ದು ಸುಲಭ.

ಸ್ಕೋಪಿನ ಮೇಲೆ 6×42 ಎಂದೋ 8×56 ಎಂದೋ 3-9×40 ಎಂದೋ ಬರೆದಿರುತ್ತದೆ. ಮೊದಲಿನ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದನ್ನು ಹೇಳುತ್ತದೆ. ಎರಡನೆಯದು ಮುಂಬದಿಯ ವಸ್ತು ಮಸೂರದ ಅಗಲ, ಮಿಲಿಮೀಟರುಗಳಲ್ಲಿ. 3-9 ಎಂದರೆ ಮೂರರಿಂದ ಒಂಬತ್ತು ಪಟ್ಟಿನವರೆಗೆ ತಿರುಗಿಸಿ ಬದಲಿಸಬಹುದು ಎಂದರ್ಥ. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಹಿಂಬದಿಯಿಂದ ಹೊರಬೀಳುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 8×56ಕ್ಕೆ ಏಳು ಮಿಲಿಮೀಟರು. 6×42ಕ್ಕೂ ಏಳೇ. 3-9×40 ಸ್ಕೋಪನ್ನು ಒಂಬತ್ತಕ್ಕೆ ತಿರುಗಿಸಿದರೆ ನಾಲ್ಕೂವರೆಗಿಂತ ಕಡಿಮೆ. ಹಕ್ಕಿ ನೋಡಲು ಹೋಗುವ ವಿದ್ಯಾರ್ಥಿಗಳು ತಮ್ಮ ಬೈನಾಕ್ಯುಲರನ್ನು ತೋಳಳತೆಯ ದೂರದಲ್ಲಿ ಹಿಡಿದು ಆಕಾಶದ ಕಡೆ ತಿರುಗಿಸಿದರೆ ಕಣ್ಣುತೂತಿನಲ್ಲಿ ಈ ಬಿಲ್ಲೆಯನ್ನು ಕಾಣಬಹುದು. ಅದು 8×40 ಆದರೆ ಐದು ಮಿಲಿಮೀಟರಿನ ದುಂಡು.

ಕತ್ತಲಲ್ಲಿ ಹದಿಹರೆಯದವರ ಕಣ್ಣಪಾಪೆ ಏಳು ಮಿಲಿಮೀಟರಿನವರೆಗೆ ಅರಳುತ್ತದೆ. ವಯಸ್ಸಾದಂತೆ ಅರಳುವಿಕೆ ಕುಗ್ಗುತ್ತದೆ. ಅರವತ್ತರ ಹೊತ್ತಿಗೆ ಐದರ ಆಸುಪಾಸು. ಸ್ಕೋಪಿನ ಬಿಲ್ಲೆ ಪಾಪೆಗಿಂತ ಚಿಕ್ಕದಾದರೆ ಮಬ್ಬಿನಲ್ಲಿ ಚಿತ್ರ ಕಪ್ಪಾಗುತ್ತದೆ. ಬಿಲ್ಲೆ ಪಾಪೆಗಿಂತ ದೊಡ್ಡದಾದರೆ ಹೆಚ್ಚಿನ ಬೆಳಕು ಕಣ್ಣಿನ ಹೊರಗೆ ಚೆಲ್ಲಿಹೋಗುತ್ತದೆ. ಆದ್ದರಿಂದಲೇ ಇಪ್ಪತ್ತೈದರ ಸ್ಟಾಕರನಿಗೆ 8×56 ಎಂಬ ಭಾರದ ಸ್ಕೋಪ್ ಕೊನೆಯ ಹತ್ತು ನಿಮಿಷದ ಬೆಳಕನ್ನು ದೊರಕಿಸಿಕೊಟ್ಟೀತು; ಅರವತ್ತರ ಸ್ಟಾಕರನಿಗೆ ಅದೇ ಸ್ಕೋಪಿನಿಂದ ಅಷ್ಟು ಲಾಭವಿಲ್ಲ, ಭಾರ ಮಾತ್ರ ಅಷ್ಟೇ. ಅಂಗಡಿಯವರು ಈ ಲೆಕ್ಕವನ್ನು ಹೇಳುವುದು ಕಡಿಮೆ.

ಗಾಜಿನ ಗುಣವನ್ನು ಅಂಕಿ ಹೇಳದು. ಏನೂ ಲೇಪಿಸದ ಗಾಜಿನ ಪ್ರತಿ ಮೇಲ್ಮೈಯೂ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಹತ್ತು ಮೇಲ್ಮೈಗಳನ್ನು ದಾಟುವ ಹೊತ್ತಿಗೆ ಮೂರರಲ್ಲೊಂದು ಪಾಲು ಬೆಳಕು ನಷ್ಟ. 1935ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯಲ್ಲಿ ಅಲೆಕ್ಸಾಂಡರ್ ಸ್ಮಕುಲ ಎಂಬ ಭೌತವಿಜ್ಞಾನಿ ಈ ನಷ್ಟವನ್ನು ತಡೆಯುವ ತೆಳುಲೇಪನವನ್ನು ಕಂಡುಹಿಡಿದ. ಯುದ್ಧದ ಕಾಲದಲ್ಲಿ ಅದು ಸೈನ್ಯದ ಗುಟ್ಟಾಗಿ ಉಳಿಯಿತು. ಇಂದು ಒಳ್ಳೆಯ ಸ್ಕೋಪ್ ಒಳಬಂದ ಬೆಳಕಿನಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಕಣ್ಣಿಗೆ ತಲುಪಿಸುತ್ತದೆ. ಅಗ್ಗದ ಸ್ಕೋಪಿನಲ್ಲಿಯೂ ಅದೇ 3-9×40 ಎಂಬ ಅಂಕಿ ಇರುತ್ತದೆ. ಹಗಲಿನ ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಸಂಜೆ ಬಯಲಿಗೆ ಒಯ್ದು, ದೂರದ ಪೊದೆಯ ನೆರಳಿನತ್ತ ತಿರುಗಿಸಿದಾಗ ಒಂದರಲ್ಲಿ ರೆಂಬೆಗಳು ಎಣಿಸುವಷ್ಟು ಸ್ಪಷ್ಟ, ಇನ್ನೊಂದರಲ್ಲಿ ಕರಿಯ ಮುದ್ದೆ. ರೈಫಲ್ಲಿಗೆ ಕೊಟ್ಟಷ್ಟೇ ಹಣವನ್ನು ಸ್ಕೋಪಿಗೂ ಕೊಡು ಎಂಬ ಬೇಟೆಗಾರರ ಹಳೆಯ ಮಾತು ಇಲ್ಲಿಂದಲೇ ಹುಟ್ಟಿದ್ದು.

ಇನ್ನು ದೊಡ್ಡದು ಮಾಡಿ ತೋರಿಸುವ ವಿಷಯ. ಹೊಸಬರು ಮೊದಲು ಮೋಸಹೋಗುವುದು ಇಲ್ಲಿ. ಹೆಚ್ಚು ಪಟ್ಟು ಹಿಗ್ಗಿಸಿದರೆ ಗುರಿ ಹೆಚ್ಚು ನಿಖರವಾದೀತೆಂಬ ಭ್ರಮೆ ಅವರದು. ಜಿಂಕೆಯೊಂದಿಗೆ ಬೇಟೆಗಾರನ ನಡುಕವೂ ಹಿಗ್ಗುತ್ತದೆ. ಗಂಟೆಗಟ್ಟಲೆ ಗುಡ್ಡ ಹತ್ತಿ, ಕೊನೆಯ ನೂರು ಗಜವನ್ನು ಒದ್ದೆ ಹುಲ್ಲಿನಲ್ಲಿ ತೆವಳಿ, ಏದುಸಿರಿನಲ್ಲಿ ಮಲಗಿ ಗುರಿಹಿಡಿದಾತನಿಗೆ ಹನ್ನೆರಡು ಪಟ್ಟಿನಲ್ಲಿ ತನ್ನ ಎದೆಬಡಿತವೇ ಅಡ್ಡಗೆರೆಯನ್ನು ಕುಣಿಸುವುದು ಕಾಣುತ್ತದೆ. ಜೊತೆಗೆ ನೋಟದ ಹರವು ಕುಗ್ಗುತ್ತದೆ. ನೂರು ಮೀಟರು ದೂರದಲ್ಲಿ ನಾಲ್ಕು ಪಟ್ಟಿನ ಸ್ಕೋಪ್ ಸುಮಾರು ಹತ್ತು ಮೀಟರು ಅಗಲದ ನೆಲವನ್ನು ತೋರಿಸುತ್ತದೆ, ಆರು ಪಟ್ಟಿನದು ಸುಮಾರು ಏಳು. ಹನ್ನೆರಡು ಪಟ್ಟಿನದು ಮೂರೂವರೆಯಷ್ಟೇ.

ಈ ಹರವಿನಲ್ಲಿ ಒಂದು ಧರ್ಮಸಂಕಟವೂ ಅಡಗಿದೆ. ಹೆಣ್ಣು ಜಿಂಕೆಯ ಪಕ್ಕದಲ್ಲಿ ಆ ವರ್ಷದ ಮರಿಯಿರುತ್ತದೆ. ತಾಯಿಯನ್ನು ಹೊಡೆದು ಮರಿಯನ್ನು ಬಿಟ್ಟರೆ ಚಳಿಗಾಲ ಅದನ್ನು ನಿಧಾನವಾಗಿ ಕೊಲ್ಲುತ್ತದೆ. ಆದ್ದರಿಂದ ಮರಿಯನ್ನೂ ಹೊಡೆಯಬೇಕು, ಸಾಧ್ಯವಾದರೆ ಮೊದಲು ಮರಿಯನ್ನೇ ಎಂಬುದು ಆ ವೃತ್ತಿಯ ನಿಯಮ. ಕೇಳಲು ಘೋರವಾದ ನಿಯಮ. ಆದರೆ ಇದನ್ನು ಪಾಲಿಸುವವನೇ ಅಲ್ಲಿ ಕರುಣೆಯುಳ್ಳವನು. ಮೂರೂವರೆ ಮೀಟರಿನ ಕಿಂಡಿಯಲ್ಲಿ ನೋಡುವವನಿಗೆ ಮರಿ ಯಾವ ಕಡೆ ನಿಂತಿದೆ ಎಂಬುದು ತಿಳಿಯದು. ಗುರಿಯಿಟ್ಟ ಪ್ರಾಣಿಯ ಹಿಂದೆ ಇನ್ನೊಂದು ನಿಂತಿದ್ದರೆ, ಒಂದನ್ನು ಹಾಯ್ದ ಗುಂಡು ಅದರ ಹೊಟ್ಟೆಗೆ ತಗುಲಿ, ಗಾಯಗೊಂಡ ಆ ಪ್ರಾಣಿ ಗುಡ್ಡದಾಚೆ ಮರೆಯಾಗುವುದೂ ಉಂಟು. ಆರು ಪಟ್ಟಿನ ಸಾದಾ ಸ್ಕೋಪನ್ನೇ ನೆಚ್ಚಿಕೊಂಡ ಅನುಭವಿಗಳು ಅಲ್ಲಿ ಹಲವರಿರುವುದಕ್ಕೆ ಇದೂ ಒಂದು ಕಾರಣ. ಬದಲಿಸುವ ಸ್ಕೋಪಿದ್ದವರೂ ಅದನ್ನು ಕೆಳಗಿನ ಅಂಕಿಯಲ್ಲಿಟ್ಟುಕೊಂಡೇ ನಡೆಯುತ್ತಾರೆ. ಬೇಕೆಂದಾಗ ಏರಿಸಲು ಸಮಯವಿರುತ್ತದೆ, ಇಳಿಸಲು ಇರುವುದಿಲ್ಲ.

ಹೈಲ್ಯಾಂಡ್ಸಿನ ಬೋಳುಗುಡ್ಡದಲ್ಲಿ ಗುಂಡು ಹಾರುವ ದೂರ ಸಾಮಾನ್ಯವಾಗಿ ನೂರರಿಂದ ಇನ್ನೂರು ಮೀಟರು. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗ ಒಂದು ಊಟದ ತಟ್ಟೆಯಷ್ಟು. ಗುಂಡು ಅಲ್ಲಿ ಬಿದ್ದರೆ ಕ್ಷಣಗಳಲ್ಲಿ ಎಲ್ಲ ಮುಗಿಯುತ್ತದೆ. ಒಂದು ಗೇಣು ಹಿಂದಕ್ಕೆ ಬಿದ್ದರೆ ಹೊಟ್ಟೆ, ಮುಂದಕ್ಕೆ ಬಿದ್ದರೆ ಮುಂಗಾಲು. ರೈಫಲ್ಲನ್ನು ನೂರು ಮೀಟರಿಗೆ ಹೊಂದಿಸಿಕೊಂಡಿದ್ದರೆ ಇನ್ನೂರರಲ್ಲಿ ಗುಂಡು ಮೂರ್ನಾಲ್ಕು ಅಂಗುಲ ಕೆಳಗಿಳಿದಿರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಗೆರೆಗಳ ಮೇಲೆ ಗೆರೆ, ಚುಕ್ಕೆಗಳ ಮೇಲೆ ಚುಕ್ಕೆ ತುಂಬಿದ ಜಟಿಲ ಗುರಿಚಿತ್ರ ಬೇಕಾಗುವುದಿಲ್ಲ. ಅಂಚಿನಲ್ಲಿ ದಪ್ಪ, ನಡುವೆ ತೆಳ್ಳಗಿರುವ ಕೂಡುಗೆರೆ ಸಾಕು. ಅಮೆರಿಕದ ಲ್ಯೂಪೋಲ್ಡ್ ಸಂಸ್ಥೆ 1962ರಲ್ಲಿ ಬಳಕೆಗೆ ತಂದ ಈ ವಿನ್ಯಾಸ ಇಂದಿಗೂ ಜನಪ್ರಿಯ, ಏಕೆಂದರೆ ಮಬ್ಬಿನಲ್ಲಿ ತೆಳುಗೆರೆ ಅಳಿಸಿಹೋದರೂ ದಪ್ಪ ತುದಿಗಳು ಕಣ್ಣನ್ನು ನಡುವಿಗೆ ಎಳೆಯುತ್ತವೆ.

ಅದೇ ಸಂಸ್ಥೆ ತನ್ನ ಬಗ್ಗೆ ಹೇಳಿಕೊಳ್ಳುವ ಒಂದು ಕಥೆಯಿದೆ. ಮಾರ್ಕಸ್ ಲ್ಯೂಪೋಲ್ಡ್ ಎಂಬಾತ ಅಮೆರಿಕದ ವಾಯವ್ಯದ ಮಳೆಕಾಡಿನಲ್ಲಿ ಜಿಂಕೆಗೆ ಗುರಿಯಿಟ್ಟಾಗ ಸ್ಕೋಪಿನೊಳಗೆ ಆವಿ ಕಟ್ಟಿತು. ಜಿಂಕೆ ತಪ್ಪಿಸಿಕೊಂಡಿತು. ಇದಕ್ಕಿಂತ ಒಳ್ಳೆಯದನ್ನು ತಾನೇ ಮಾಡುವೆನೆಂದು ಆತ ಹೊರಟ. 1947ರಲ್ಲಿ ಹೊರಬಂದ ಅವರ ಸ್ಕೋಪಿನ ಕೊಳವೆಯಿಂದ ತೇವದ ಗಾಳಿಯನ್ನು ತೆಗೆದು ಒಣ ಸಾರಜನಕವನ್ನು ತುಂಬಿ ಮುಚ್ಚಲಾಗಿತ್ತು. ನೀರಾವಿಯಿಲ್ಲದೆಡೆ ಮಂಜು ಕಟ್ಟದು, ಅಷ್ಟೇ ತತ್ವ. ಮಳೆಗಾಲದಲ್ಲಿ ಕ್ಯಾಮೆರಾದ ಮಸೂರದೊಳಗೆ ಬೂಷ್ಟು ಹಿಡಿದು ಕಳೆದುಕೊಂಡ ಮಲೆನಾಡಿನ ಛಾಯಾಗ್ರಾಹಕರು ಈ ತತ್ವದ ಬೆಲೆಯನ್ನು ಬಲ್ಲರು.

ಕಣ್ಣಿಗೂ ಹಿಂಬದಿಯ ಮಸೂರಕ್ಕೂ ಇರಬೇಕಾದ ಅಂತರದ ಬಗ್ಗೆ ಒಂದು ಮಾತು. ಈ ಅಂತರ ಸುಮಾರು ಒಂಬತ್ತು ಸೆಂಟಿಮೀಟರು ಇರಬೇಕು. ಕಡಿಮೆಯಾದರೆ ಕೋವಿ ಹಿಂದಕ್ಕೆ ಒದೆದಾಗ ಸ್ಕೋಪಿನ ಅಂಚು ಹುಬ್ಬನ್ನು ಸೀಳುತ್ತದೆ. ಗುಡ್ಡದ ಇಳಿಜಾರಿನಲ್ಲಿ ಮಲಗಿ ಮೇಲ್ಮುಖವಾಗಿ ಹೊಡೆಯುವಾಗ ಮುಖ ತಾನಾಗಿ ಮುಂದೆ ಜಾರುವುದರಿಂದ ಅಪಾಯ ಹೆಚ್ಚು. ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯದ ಗುರುತು ಇರುವ ಬೇಟೆಗಾರರು ಎಲ್ಲ ದೇಶಗಳಲ್ಲಿಯೂ ಸಿಗುತ್ತಾರೆ; ಕೇಳಿದರೆ ಬೇರೆ ಕಾರಣ ಹೇಳುತ್ತಾರೆ.

ಕಣ್ಣನ್ನು ಆಚೀಚೆ ಸರಿಸಿದಾಗ ಗೆರೆ ಗುರಿಯ ಮೇಲಿಂದ ಜಾರಿದಂತೆ ಕಾಣುವ ದೋಷಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ. ಜಿಂಕೆ ಬೇಟೆಯ ಸ್ಕೋಪುಗಳಲ್ಲಿ ಇದನ್ನು ಸಾಮಾನ್ಯವಾಗಿ ನೂರು ಗಜಕ್ಕೆ ಸರಿಪಡಿಸಿರುತ್ತಾರೆ. ಆ ದೂರದ ಬೇಟೆಯಲ್ಲಿ ಅದು ತೊಡಕಾಗದು, ಅದಕ್ಕಾಗಿ ಹೆಚ್ಚು ಹಣ ಸುರಿಯಬೇಕಾಗಿಲ್ಲ.

ಹಣ ಸುರಿಯಬೇಕಾದದ್ದು ಸ್ಕೋಪನ್ನು ರೈಫಲ್ಲಿಗೆ ಬಿಗಿಯುವ ಉಂಗುರಗಳಿಗೆ. ತಿರುಪು ಅರ್ಧ ಸುತ್ತು ಸಡಿಲವಾದರೆ ಜಗತ್ತಿನ ಅತ್ಯುತ್ತಮ ಗಾಜೂ ಸುಳ್ಳು ಹೇಳುತ್ತದೆ. ಸ್ಕೋಪ್ ನಂಬಿಕೆಗೆ ಅರ್ಹವೇ ಎಂದು ತಿಳಿಯಲು ಒಂದು ಹಳೆಯ ಪರೀಕ್ಷೆಯಿದೆ. ಗುರಿಹಲಗೆಗೆ ಒಂದು ಗುಂಡು ಹೊಡೆಯುವುದು. ತಿರುಗುಗುಂಡಿಯನ್ನು ಇಪ್ಪತ್ತು ಹಲ್ಲು ಮೇಲಕ್ಕೆ ತಿರುಗಿಸಿ ಇನ್ನೊಂದು, ಇಪ್ಪತ್ತು ಬಲಕ್ಕೆ ತಿರುಗಿಸಿ ಮತ್ತೊಂದು, ಇಪ್ಪತ್ತು ಕೆಳಕ್ಕೆ ತಿರುಗಿಸಿ ನಾಲ್ಕನೆಯದು, ಕೊನೆಗೆ ಇಪ್ಪತ್ತು ಎಡಕ್ಕೆ. ಐದನೆಯ ಗುಂಡು ಮೊದಲನೆಯದರ ತೂತಿನ ಬಳಿಯೇ ಬೀಳಬೇಕು. ಗುಂಡಿಯ ಒಂದು ಹಲ್ಲು ನೂರು ಮೀಟರಿನಲ್ಲಿ ಒಂದು ಸೆಂಟಿಮೀಟರು ಎಂದು ಬರೆದಿದ್ದರೆ ಚೌಕದ ಬದಿ ಇಪ್ಪತ್ತು ಸೆಂಟಿಮೀಟರು ಇರಬೇಕು. ಚೌಕ ಸೊಟ್ಟಗಾದರೆ ಆ ಸ್ಕೋಪನ್ನು ಜೀವವಿರುವ ಪ್ರಾಣಿಯ ಕಡೆ ತಿರುಗಿಸಬಾರದು.

ಇಷ್ಟೂ ಬೋಳುಗುಡ್ಡದ ಮಾತಾಯಿತು. ದಟ್ಟ ಕಾಡಾದರೆ ಲೆಕ್ಕ ಬೇರೆ. ಇದಕ್ಕೆ ಒಳ್ಳೆಯ ನಿದರ್ಶನವನ್ನು ಒದಗಿಸುವುದು ಮಲೆನಾಡಿಗರಿಗೆ ಚಿರಪರಿಚಿತವಾದ ಕಡವೆಯೇ. 1861ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಹೊರನಾಡಿನ ಪ್ರಾಣಿಗಳನ್ನು ತಂದು ನೆಲೆಗೊಳಿಸುವುದಕ್ಕೆಂದೇ ಒಂದು ಸಂಘ ಹುಟ್ಟಿಕೊಂಡಿತು. ಅದೇ ದಶಕದಲ್ಲಿ ದಕ್ಷಿಣ ಏಷ್ಯಾದ ಕಡವೆಗಳು ಅಲ್ಲಿನ ಬೆಟ್ಟಗಳನ್ನು ಸೇರಿದವು. ಹುಲಿಯಿಲ್ಲ, ಕೆನ್ನಾಯಿಯಿಲ್ಲ, ಇಂದು ವಿಕ್ಟೋರಿಯದ ಪೂರ್ವದ ಪರ್ವತಗಳ ತುಂಬ ಕಡವೆ. ಅಪರೂಪದ ನೆಮಟೊಲೆಪಿಸ್ ವಿಲ್ಸನೈ ಎಂಬ ಗಿಡದ ಕಾಂಡಗಳನ್ನು ಗಂಡು ಕಡವೆಗಳು ಕೊಂಬಿನಿಂದ ತಿಕ್ಕಿ ಸಿಪ್ಪೆ ಸುಲಿದು, ಆ ಜಾತಿಯನ್ನೇ ಅಪಾಯಕ್ಕೆ ದೂಡಿವೆ. ಅಲ್ಲಿನ ಬೇಟೆಗಾರನಿಗೆ ಕಡವೆ ಕಾಣುವುದು ಜರೀಗಿಡಗಳ ನಡುವೆ, ಮೂವತ್ತು ನಲವತ್ತು ಗಜದಲ್ಲಿ, ಒಂದೆರಡು ಕ್ಷಣ. ಆರು ಪಟ್ಟಿನ ಸ್ಕೋಪೂ ಅಲ್ಲಿ ಹೆಚ್ಚಾಯಿತು. ಎಲೆ ಮತ್ತು ರೋಮದ ಮಸುಕು ಬಿಟ್ಟು ಏನೂ ಕಾಣದು. ಒಂದೂವರೆ ಅಥವಾ ಎರಡು ಪಟ್ಟಿನಿಂದ ಶುರುವಾಗುವ, ನೋಟದ ಹರವು ದೊಡ್ಡದಾದ ಚಿಕ್ಕ ಸ್ಕೋಪನ್ನು ಆತ ಆರಿಸಿಕೊಳ್ಳುತ್ತಾನೆ. ಒಂದೇ ಪ್ರಾಣಿ, ನಾಗರಹೊಳೆಯಲ್ಲಿ ಹುಲಿಯ ಊಟ, ವಿಕ್ಟೋರಿಯದಲ್ಲಿ ಕಾಡಿನ ಪಿಡುಗು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನವು ಹುಲಿ, ಚಿರತೆ, ಕೆನ್ನಾಯಿಗಳು ಬೇಟೆಯನ್ನು ಗಾತ್ರಕ್ಕೆ ತಕ್ಕಂತೆ ಆರಿಸಿಕೊಳ್ಳುವ ಬಗೆಯನ್ನು ವಿವರಿಸುತ್ತದೆ. ಮಸೂರವಿಲ್ಲದೆ ನಡೆಯುವ ಆಯ್ಕೆ ಅದು.

ಸ್ಕಾಟ್ಲೆಂಡಿಗೆ ಮರಳೋಣವಾಗಲಿ. ಕ್ರೇಗ್ ಮೆಗಿ ಎಂಬ ಬೆಟ್ಟವನ್ನು 1980ರ ದಶಕದಲ್ಲಿ ಒಂದು ಖಾಸಗಿ ಸಂಸ್ಥೆ ಕೊಂಡು, ಸಿಟ್ಕಾ ಸ್ಪ್ರೂಸ್ ಎಂಬ ಹೊರನಾಡಿನ ಮರದ ಏಕಜಾತಿ ನೆಡುತೋಪು ಮಾಡಹೊರಟಿತು. ಅಕೇಶಿಯಾದ ಬದಲು ಸಿಟ್ಕಾ ಎಂದು ತಿಳಿದರೆ ಕಥೆ ಮಲೆನಾಡಿನದೇ. ವಿರೋಧದ ನಂತರ 1985ರಲ್ಲಿ ಸರ್ಕಾರದ ನಿಸರ್ಗ ಸಂರಕ್ಷಣಾ ಮಂಡಳಿ ಆ ಬೆಟ್ಟವನ್ನು ಖರೀದಿಸಿತು. ಬೇಲಿ ಹಾಕಲಿಲ್ಲ, ಸಸಿ ನೆಟ್ಟು ಕಾಡು ಬೆಳೆಸುವ ಗೋಜಿಗೂ ಹೋಗಲಿಲ್ಲ. ಜಿಂಕೆಗಳನ್ನು ಕಡಿಮೆ ಮಾಡಿತು, ಅಷ್ಟೇ. ಬರ್ಚ್, ರೋವನ್, ವಿಲ್ಲೋಗಳು ತಾವಾಗಿ ಎದ್ದವು. ಇಂದು ಅಲ್ಲಿ ನಡೆದಾಡುವವರು ಮರಗಳ ನಡುವೆ ನಡೆಯುತ್ತಾರೆ.

ಆದರೆ ಎಲ್ಲೆಡೆಯೂ ಅದು ಸುಗಮವಾಗಿ ನಡೆಯಲಿಲ್ಲ. 2004ರಲ್ಲಿ ಗ್ಲೆನ್‌ಫೆಶಿ ಕಣಿವೆಯಲ್ಲಿ ಹೆಲಿಕಾಪ್ಟರುಗಳನ್ನು ಬಳಸಿ ದೊಡ್ಡ ಪ್ರಮಾಣದಲ್ಲಿ ಜಿಂಕೆಗಳನ್ನು ಹೊಡೆದಾಗ ಬೀದಿಗಿಳಿದವರು ಸ್ಟಾಕರುಗಳೇ. ಅವರ ಸಿಟ್ಟಿಗೆ ಅರ್ಥವಿತ್ತು. ಜಮೀನಿನ ಬೆಲೆ ಅಲ್ಲಿ ವರ್ಷಕ್ಕೆ ಎಷ್ಟು ಕೊಂಬಿನ ಗಂಡುಗಳನ್ನು ಹೊಡೆಯಬಹುದೆಂಬುದರ ಮೇಲೆ ನಿಂತಿತ್ತು. ಜಿಂಕೆ ಇಳಿದರೆ ಅತಿಥಿ ಬೇಟೆಗಾರರು ಇಳಿಯುತ್ತಾರೆ, ಅತಿಥಿ ಇಳಿದರೆ ಕೂಲಿ ಇಳಿಯುತ್ತದೆ, ಒಂಟಿ ಕಣಿವೆಯ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತದೆ. ಪರಿಸರದ ಹೆಸರಿನಲ್ಲಿ ಹೊರಗಿನಿಂದ ಬಂದವರು ಬೆಟ್ಟದ ಜನರ ಕಸುಬನ್ನು ಕೇಳದೆ ಕಿತ್ತುಕೊಂಡರೆಂಬ ದೂರು ಕುದುರೆಮುಖದ ಸುತ್ತಲಿನವರಿಗೆ ಅಪರಿಚಿತವಲ್ಲ. ಇಷ್ಟಾಗಿಯೂ ಗ್ಲೆನ್‌ಫೆಶಿಯಲ್ಲಿ ಪೈನ್ ಸಸಿಗಳು ಎದ್ದು ನಿಂತಿರುವುದು ನಿಜ. ಎರಡೂ ನಿಜ.

ಈ ವಾದ 2023ರಲ್ಲಿ ಮತ್ತೆ ಸ್ಕೋಪಿನ ಸುತ್ತಲೇ ಸುತ್ತಿಕೊಂಡಿತು. ಆ ವರ್ಷ ಅಕ್ಟೋಬರಿನಲ್ಲಿ ಸರ್ಕಾರ ಗಂಡು ಜಿಂಕೆಗಳಿಗಿದ್ದ ಬೇಟೆ ನಿಷೇಧದ ಕಾಲವನ್ನು ತೆಗೆದುಹಾಕಿತು. ಅದರ ಬೆನ್ನಿಗೇ, ಮೈಯ ಶಾಖವನ್ನು ಗುರುತಿಸಿ ಕತ್ತಲಲ್ಲಿ ಪ್ರಾಣಿಯನ್ನು ಬೆಳ್ಳಗೆ ತೋರಿಸುವ ಥರ್ಮಲ್ ಸ್ಕೋಪುಗಳನ್ನೂ ಇರುಳುನೋಟದ ಸ್ಕೋಪುಗಳನ್ನೂ ಜಿಂಕೆ ಹೊಡೆಯಲು ಬಳಸಬಹುದೆಂದು ನಿಯಮ ಬದಲಾಯಿತು. ಸೂರ್ಯಾಸ್ತದ ಒಂದು ಗಂಟೆಯ ನಂತರ ಹೊಡೆಯಲು ಪ್ರತ್ಯೇಕ ಅನುಮತಿ ಬೇಕೆಂಬ ಹಳೆಯ ಕಟ್ಟಳೆ ಹಾಗೆಯೇ ಉಳಿದಿದೆ. ಪರವಾಗಿರುವವರು ಹೇಳುವುದಿಷ್ಟು: ಹತ್ತು ಲಕ್ಷ ಜಿಂಕೆಗಳಿರುವ ನಾಡಿನಲ್ಲಿ, ನೆಡುತೋಪಿನೊಳಗೆ ಹಗಲು ಅಡಗಿ ಇರುಳು ಹೊರಬರುವ ಪ್ರಾಣಿಯನ್ನು ಗಾಜಿನ ಸ್ಕೋಪಿನಿಂದ ಮುಟ್ಟಲಾಗದು. ವಿರೋಧಿಸುವವರ ಮಾತಿನಲ್ಲಿಯೂ ತಾಂತ್ರಿಕ ಸತ್ಯವಿದೆ. ಥರ್ಮಲ್ ಸ್ಕೋಪ್ ಶಾಖವನ್ನು ತೋರಿಸುತ್ತದೆಯೇ ಹೊರತು ನಡುವೆ ಅಡ್ಡಬಂದ ತಣ್ಣನೆಯ ಕಡ್ಡಿಯನ್ನು ಸ್ಪಷ್ಟವಾಗಿ ತೋರಿಸದು. ಆ ಕಡ್ಡಿಗೆ ತಗುಲಿದ ಗುಂಡು ದಾರಿ ತಪ್ಪುತ್ತದೆ. ಪ್ರಾಣಿಯ ಹಿಂದೆ ಗುಂಡನ್ನು ತಡೆಯುವ ಮಣ್ಣಿನ ದಿಬ್ಬವಿದೆಯೋ ಖಾಲಿ ಆಕಾಶವಿದೆಯೋ ತಿಳಿಯುವುದು ಕಷ್ಟ. ಹೆಣ್ಣೋ, ಕೊಂಬು ಕಳಚಿದ ಗಂಡೋ ಎಂಬುದೂ ಸಂದಿಗ್ಧ. ಪ್ರಾಣಿಗೆ ಇದ್ದ ಕೊನೆಯ ಆಸರೆ ಕತ್ತಲೆ, ಅದನ್ನೂ ಕಿತ್ತುಕೊಂಡರೆ ಬೇಟೆ ಎಂಬ ಮಾತಿಗೆ ಅರ್ಥವೇನು ಎಂದು ಹಳೆಯ ಸ್ಟಾಕರುಗಳು ಕೇಳುತ್ತಾರೆ. ಅಮೆರಿಕದ ಆಲ್ಡೋ ಲಿಯೊಪೋಲ್ಡ್ ಸ್ವತಃ ಬೇಟೆಗಾರನಾಗಿದ್ದೂ, ಬೇಟೆಗಾರರ ಉಪಕರಣ ವ್ಯಾಮೋಹವನ್ನು 1940ರ ದಶಕದಲ್ಲಿಯೇ ಟೀಕಿಸಿದ್ದ. ಆದರೆ ಅದು ಬೇಟೆ ಆಟವಾಗಿದ್ದಾಗಿನ ಟೀಕೆ. ಕಾಡಿಗಾಗಿ ಲೆಕ್ಕವಿಟ್ಟು ಕೊಲ್ಲುವ ಕೆಲಸಕ್ಕೆ ಆ ಟೀಕೆ ಪೂರ್ತಿ ಅನ್ವಯಿಸದು ಎಂಬುದನ್ನು ಒಪ್ಪಬೇಕಾಗುತ್ತದೆ.

ಮಲೆನಾಡಿನ ಇರುಳಿನ ಸಂಗತಿ ಇದಕ್ಕೆ ತದ್ವಿರುದ್ಧ. ತಲೆಗೆ ಬ್ಯಾಟರಿ ಕಟ್ಟಿಕೊಂಡು, ಬೆಳಕಿಗೆ ಹೊಳೆಯುವ ಎರಡು ಕಣ್ಣಿನ ನಡುವೆ ಕೋವಿ ಹಿಡಿಯುವ ಕಳ್ಳಶಿಕಾರಿಯಲ್ಲಿ ಹೆಣ್ಣಿಲ್ಲ, ಗಂಡಿಲ್ಲ, ಗಬ್ಬದ ಪ್ರಾಣಿಯೆಂಬ ಲೆಕ್ಕವಿಲ್ಲ. ಹೊಳೆದ ಕಣ್ಣು ದನದ್ದೋ ಮನುಷ್ಯನದೋ ಎಂಬ ವಿವೇಚನೆಯೂ ಕೆಲವೊಮ್ಮೆ ಇರುವುದಿಲ್ಲ. ಚದುರಿದ ಚಿಲ್ಲು ತಗುಲಿಸಿಕೊಂಡು ತೋಟದ ಕಪ್ಪಿನಲ್ಲಿ ಕೊಳೆತು ಸಾಯುವ ಕಡವೆಯ ವಾಸನೆ ಬಂದಾಗಲೇ ಊರಿಗೆ ಸುದ್ದಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿದೆ. ಅದು ಕೋವಿಯನ್ನು ಇಟ್ಟುಕೊಳ್ಳುವ ವಿನಾಯಿತಿ, ಕೈಲ್‌ಪೊಳ್ದ್ ದಿನ ಹೂವಿಟ್ಟು ಪೂಜಿಸುವ ಪರಂಪರೆಗೆ ಸಂದ ಮನ್ನಣೆ; ಕಾಡಿನ ಪ್ರಾಣಿಯನ್ನು ಹೊಡೆಯುವ ಹಕ್ಕಲ್ಲ. ಈ ವ್ಯತ್ಯಾಸವನ್ನು ಅಲ್ಲಿನ ಹಿರಿಯರೇ ಕಿರಿಯರಿಗೆ ತಿಳಿಸಿ ಹೇಳಬಲ್ಲರು.

ಸ್ಕಾಟ್ಲೆಂಡಿನಲ್ಲಿ ಜಿಂಕೆ ಹೊಡೆಯುತ್ತಾರೆ, ಇಲ್ಲೇಕೆ ಕೂಡದು ಎಂದು ಕೇಳುವವರು ಈಗಾಗಲೇ ಇದ್ದಾರೆ. ಅವರ ಮುಂದೆ ಇಡಬೇಕಾದದ್ದು ಎರಡು ಸಂಗತಿ. ಪಶ್ಚಿಮಘಟ್ಟದಲ್ಲಿ ಹುಲಿ, ಚಿರತೆ, ಕೆನ್ನಾಯಿ ಇನ್ನೂ ಉಳಿದಿವೆ. ಅವುಗಳ ಪಾಲಿನ ಜಿಂಕೆ ಕೋವಿಗೆ ಹೋದರೆ ಅವು ಕೊಟ್ಟಿಗೆಯ ಕರುವಿನತ್ತ ತಿರುಗುತ್ತವೆ, ನಷ್ಟ ಬಡವನದು. ಎರಡನೆಯದಾಗಿ, ಅಲ್ಲಿ ಹೊಡೆಯುವಾತ ಎಷ್ಟು ಹೊಡೆದೆ, ಯಾವುದನ್ನು ಹೊಡೆದೆ ಎಂಬುದಕ್ಕೆ ಲೆಕ್ಕ ಕೊಡುತ್ತಾನೆ. ಆ ಲೆಕ್ಕದ ಪುಸ್ತಕವನ್ನು ಕೇಳಿದರೆ ಇಲ್ಲಿನ ಕಳ್ಳಶಿಕಾರಿಯವನು ಕತ್ತಲಿಗೆ ಓಡುತ್ತಾನೆ.

ವಿದ್ಯಾರ್ಥಿಯೊ�ಬ್ಬರು ಸಭೆಗೆ ಮೊದಲೇ ಚೀಟಿಯಲ್ಲಿ ಬರೆದು ಕೇಳಿದ ಪ್ರಶ್ನೆಗೆ ಉತ್ತರ ಬಾಕಿಯಿದೆ: ಸ್ಟಾಕರ್ ಸ್ಕೋಪಿನಲ್ಲಿಯೇ ಜಿಂಕೆಗಳನ್ನು ಹುಡುಕುತ್ತಾನೆಯೇ? ಇಲ್ಲ. ಸ್ಕೋಪಿನಿಂದ ಹುಡುಕುವುದೆಂದರೆ ಗುಂಡು ತುಂಬಿದ ಕೋವಿಯನ್ನು ಕಂಡದ್ದರ ಕಡೆಗೆಲ್ಲ ತಿರುಗಿಸುವುದು; ಪೊದೆಯಾಚೆ ಇರುವುದು ಕುರುಬನೂ ಆಗಿರಬಹುದು. ಹುಡುಕಲು ಬೇರೆ ಬೈನಾಕ್ಯುಲರು ಕೊರಳಲ್ಲಿರುತ್ತದೆ, ಹಳಬರ ಬಳಿ ಎಳೆದು ಉದ್ದ ಮಾಡುವ ಹಿತ್ತಾಳೆಯ ದುರ್ಬೀನು. ಫ್ರಾಂಕ್ ಫ್ರೇಸರ್ ಡಾರ್ಲಿಂಗ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಇಂಥ ಬೆಟ್ಟಗಳಲ್ಲಿ ಕೆಂಪು ಜಿಂಕೆಗಳ ಹಿಂಡನ್ನು ಅನುಸರಿಸಿ, ಅವುಗಳ ಸಾಮಾಜಿಕ ಬದುಕಿನ ಬಗ್ಗೆ 1937ರಲ್ಲಿ ಪುಸ್ತಕ ಬರೆದ. ಹಿಂಡನ್ನು ನಡೆಸುವುದು ಕೊಂಬಿನ ಗಂಡಲ್ಲ, ಮರಿಯಿರುವ ಹಿರಿಯ ಹೆಣ್ಣು ಎಂಬುದನ್ನು ಆತ ತೋರಿಸಿದ. ಅಷ್ಟು ಕಾಲ ಹಿಂಡಿನ ಬೆನ್ನಿಗೆ ಬಿದ್ದು ನೋಡಿದ್ದು ಮಸೂರದ ಮೂಲಕವೇ. ಅದರ ಕೆಳಗೆ ಕೋವಿ ಇರಲಿಲ್ಲ.